ಮೂರು ಬಣ್ಣದ ಡೆವಿಲ್ಡ್ ಎಗ್ಸ್

ನಾಳೆ ನಮ್ಮ ಮನೆಯಲ್ಲಿ ಹಬ್ಬದ ಪಾರ್ಟಿ. ಡೆವಿಲ್ಡ್ ಎಗ್ಸ್ ಮಾಡುತ್ತಿದ್ದೇನೆ, ಅಂದ್ರೆ ಬೇಯಿಸಿದ ಮೊಟ್ಟೆಯನ್ನು ಹೋಳು ಮಾಡಿ, ಹಳದಿಭಾಗ ತೆಗೆದು ಮಸಾಲೆ ಬೆರೆಸಿ ಮತ್ತೆ ಅದರಲ್ಲೇ ತುಂಬುವ ತಿಂಡಿ. ಫ್ರಿಜ್‌ನಲ್ಲಿ ಮೂರು ಬಟ್ಟಲಲ್ಲಿ ಬೇಯಿಸಿ ಸುಲಿದ 12 ಮೊಟ್ಟೆ ಬಣ್ಣದ ನೀರಿನಲ್ಲಿ ನೆನೆಯುತ್ತಿವೆ. ಅರ್ಧ ಗಂಟೆಗೊಮ್ಮೆ ಬಾಗಿಲು ತೆಗೆದು ನೋಡುತ್ತಿದ್ದೇನೆ!

ತೀರಾ ತಾಜಾ ಮೊಟ್ಟೆ ಬೇಡ, ಸಿಪ್ಪೆ ಸುಲಿಯುವಾಗ ಬಿಳಿಭಾಗವೂ ಕಿತ್ತು ಬರುತ್ತದೆ. ವಾರದ ಹಿಂದೆ ತಂದದ್ದು ಒಳ್ಳೆಯದು. 11 ನಿಮಿಷ ಬೇಯಿಸಿ ಐಸ್ ನೀರಿಗೆ ಹಾಕಿದೆ.

ಗುಲಾಬಿಗೆ ಬೀಟ್‌ರೂಟ್ ರಸ, ಹಳದಿಗೆ ಅರಿಶಿನ. ನನಗೆ ಜೀವ ಅಂದ್ರೆ ನೀಲಿ. ಕೆಂಪು ಎಲೆಕೋಸು ಬೇಯಿಸಿದ ನೀರು ನೇರಳೆ ಇರುತ್ತದೆ, ಅಲ್ವಾ? ಅದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಕಣ್ಣೆದುರೇ ನೀಲಿಯಾಗುತ್ತದೆ. ಸೋಡಾ ಜಾಸ್ತಿಯಾದರೆ ಹಸಿರಿಗೆ ತಿರುಗುತ್ತದೆ, ಹುಷಾರು.

ಕಳೆದ ಸಲ ಹೋಳು ಮಾಡಿ ನೆನೆಸಿದ್ದೆ, ಒಳಗೂ ಬಣ್ಣ ಹಿಡಿಯಿತು. ಈ ಸಲ ಇಡಿಯಾಗಿಯೇ ನೆನೆಸಿದ್ದೇನೆ. ಒಂದನ್ನು ಈಗಷ್ಟೇ ಸೀಳಿದೆ. ಅಂಚಿನಲ್ಲಿ ದಾರದಷ್ಟು ಗುಲಾಬಿ ಗೆರೆ, ಆಮೇಲೆ ಬಿಳಿ, ನಡುವೆ ಹಳದಿ. ಎಷ್ಟು ಚಂದ!

ಹಳದಿಭಾಗವನ್ನು ಜರಡಿಯಲ್ಲಿ ಒತ್ತಿ ಮೇಯೊನೀಸ್, ಸಾಸಿವೆ ಪೇಸ್ಟ್, ಉಪ್ಪು ಬೆರೆಸಿದರೆ ಆಯಿತು. ತುಂಬುವ ಮೊದಲು ಮೊಟ್ಟೆಯನ್ನು ಒಣಬಟ್ಟೆಯಲ್ಲಿ ಒರೆಸಲೇಬೇಕು, ಇಲ್ಲದಿದ್ದರೆ ಬಣ್ಣ ಒಳಗೆ ಇಳಿಯುತ್ತದೆ. ತುಂಬುವ ಕೆಲಸ ನಾಳೆ ಬೆಳಿಗ್ಗೆ.