ಬೈಸ್ಕೊಂಡಿದ್ದು ಡ್ರೈವರ್ರು, ತಪ್ಪಿದ್ದಿದ್ದು ಕೇಬಲ್‌ದು

ಮೂರು ದಿನ ಬರೀ ಕಂಪ್ಯೂಟರಿನ ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನ ವಿಂಡೋಸ್ ಜೊತೆ ಮಾತಾಡಿಸೋ ಸಾಫ್ಟ್‌ವೇರ್) ಅಳಿಸೋದು ಹಾಕೋದು, ಅಳಿಸೋದು ಹಾಕೋದು, ಇದೇ ಆಯ್ತು ನಂಗೆ. ಡೌನ್‌ಲೋಡ್ ಫೋಲ್ಡರಲ್ಲಿ ಇನ್ನೂ ನಾಲ್ಕು ವರ್ಷನ್ ಬಿದ್ದಿವೆ.

ಗೇಮ್ ಶುರು ಮಾಡಿ ಹತ್ತು ಹದಿನೈದು ನಿಮಿಷ ಆಗ್ತಿದ್ದ ಹಾಗೆ ಸ್ಕ್ರೀನ್ ಪೂರ್ತಿ ಕಪ್ಪಾಗೋದು, ಸೌಂಡ್ ಮಾತ್ರ ಬರ್ತಾನೇ ಇರೋದು, ಆಮೇಲೆ ಗೇಮ್ ತಾನಾಗೇ ಮುಚ್ಕೊಂಡು ಡೆಸ್ಕ್‌ಟಾಪ್ ಬರೋದು. ಒಂದೊಂದ್ಸಲ ಅದೂ ಇಲ್ಲ, ನೇರ ನೀಲಿ ಸ್ಕ್ರೀನು, ಅದರ ಕೆಳಗಡೆ ವಿಡಿಯೋ ಟಿಡಿಆರ್ ಫೇಲ್ಯೂರ್ ಅಂತ. ವಿಂಡೋಸ್ ತನ್ನ ತೊಂದರೆಗಳನ್ನ ಬರೆದಿಡೋ ಈವೆಂಟ್ ವ್ಯೂಯರ್ ತೆಗೆದ್ರೆ ಸಿಸ್ಟಮ್ ಲಾಗಲ್ಲಿ 4101 ನಂಬರಿನ ಎಂಟ್ರಿಗಳು ಸಾಲಾಗಿ ಕೂತಿವೆ, ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡೋದು ನಿಲ್ಲಿಸಿತ್ತು, ಈಗ ಸರಿಹೋಗಿದೆ ಅಂತ. ಡ್ರೈವರ್ ಅಂತ ಅದೇ ಬಾಯ್ಬಿಟ್ಟು ಹೇಳ್ತಿದೆಯಲ್ಲ, ಇನ್ನೇನು ಸಾಕ್ಷಿ ಬೇಕು ಅನ್ಕೊಂಡೆ.

ಸರಿ, ಕಪ್ಪಾದಾಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ ಡ್ರೈವರ್ ರೀಸೆಟ್ ಮಾಡಿ ನೋಡ್ದೆ, ಒಂದ್ಸಲ ಬೀಪ್ ಅಂದು ಚಿತ್ರ ವಾಪಸ್ ಬಂತು, ಮುಂದಿನ ಸಲ ಬರ್ಲಿಲ್ಲ. ಡಿವೈಸ್ ಮ್ಯಾನೇಜರಲ್ಲಿ ರೋಲ್ ಬ್ಯಾಕ್ ಮಾಡ್ದೆ, ಹೊಸದು ಹಾಕ್ದೆ, ಹಳೇದು ಹಾಕ್ದೆ. ಕೊನೆಗೆ ದೊಡ್ಡ ಅಸ್ತ್ರ, ಡಿಡಿಯು, ಅಂದ್ರೆ ಹಳೇ ಡ್ರೈವರನ್ನ ಬೇರುಸಹಿತ ಗುಡಿಸಿ ಹಾಕೋ ಒಂದು ಟೂಲ್. ಇದನ್ನ ಸೇಫ್ ಮೋಡಲ್ಲೇ (ವಿಂಡೋಸ್ ಅತ್ಯಗತ್ಯ ಭಾಗಗಳನ್ನ ಮಾತ್ರ ಲೋಡ್ ಮಾಡ್ಕೊಂಡು ಶುರುವಾಗೋ ರೀತಿ) ಓಡಿಸ್ಬೇಕು, ಅದಕ್ಕೆ ಮುಂಚೆ ಇಂಟರ್‌ನೆಟ್ ಕಿತ್ತಿಡ್ಬೇಕು, ಇಲ್ಲಾಂದ್ರೆ ನೀವು ಹಳೇದನ್ನ ಗುಡಿಸಿ ರೀಸ್ಟಾರ್ಟ್ ಆಗೋಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ತನ್ನ ಹತ್ರ ಇರೋ ಯಾವುದೋ ಡ್ರೈವರ್ ತಂದು ಕೂರಿಸಿಬಿಟ್ಟಿರುತ್ತೆ. ಇನ್ನೊಂದು ಮಾತು, ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ರೆ ಸೇಫ್ ಮೋಡಿಗೆ ಹೋಗೋವಾಗ ರಿಕವರಿ ಕೀ ಕೇಳಬಹುದು, ಮೊದಲೇ ಫೋನಲ್ಲೋ ಕಾಗದದಲ್ಲೋ ಬರ್ಕೊಂಡಿರಿ, ನಾನು ಬರ್ಕೊಂಡಿರ್ಲಿಲ್ಲ, ಆ ಕಥೆ ಬೇಡ.

ಸೇಫ್ ಮೋಡಲ್ಲಿ ಒಂದು ಗಂಟೆ ಬಿಟ್ಟು ನೋಡ್ದೆ, ಒಂದೂ ಕ್ರ್ಯಾಶ್ ಇಲ್ಲ. ಆಹಾ ಸಿಕ್ಕಿಬಿದ್ದ ಕಳ್ಳ, ಡ್ರೈವರೇ ಅಂತ ಖುಷಿಪಟ್ಟೆ. ಇಲ್ಲೇ ನಾನು ಎಡವಿದ್ದು. ಸೇಫ್ ಮೋಡಲ್ಲಿ ಕಾರ್ಡ್ ಕಂಪನಿಯ ಡ್ರೈವರ್ ಲೋಡೇ ಆಗಲ್ಲ, ವಿಂಡೋಸಿನ ಬೇಸಿಕ್ ಡಿಸ್‌ಪ್ಲೇ ಡ್ರೈವರ್ ಇರುತ್ತೆ, ಸುಮ್ನೆ ಚಿತ್ರ ತೋರಿಸುತ್ತೆ ಅಷ್ಟೆ. ಅಂದ್ರೆ ಕಾರ್ಡಿಗೆ ಕೆಲಸಾನೇ ಇಲ್ಲ. ಕೆಲಸ ಇಲ್ಲದವನು ಸುಸ್ತಾಗ್ತಾನಾ?

ಆ ನೀಲಿ ಸ್ಕ್ರೀನಲ್ಲಿದ್ದ ಟಿಡಿಆರ್ (ಟೈಮ್‌ಔಟ್ ಡಿಟೆಕ್ಷನ್ ಅಂಡ್ ರಿಕವರಿ) ಅಂದ್ರೇನು ಅಂತ ಮೊದಲೇ ಸರಿಯಾಗಿ ಓದಿದ್ರೆ ಇಷ್ಟು ಒದ್ದಾಡ್ತಿರ್ಲಿಲ್ಲ. ವಿಸ್ಟಾ ಕಾಲದಿಂದ ಇರೋ ವ್ಯವಸ್ಥೆ ಇದು, ವಿಂಡೋಸ್ ಗ್ರಾಫಿಕ್ಸ್ ಚಿಪ್ಪಿಗೆ ಒಂದು ಕೆಲಸ ಕೊಡುತ್ತೆ, ಮಾಮೂಲಿ ಸೆಟ್ಟಿಂಗಲ್ಲಿ 2 ಸೆಕೆಂಡ್ ಕಾಯುತ್ತೆ, ಅಷ್ಟರಲ್ಲಿ ಅದು ಮುಗಿಸ್ದೆ, ಜಾಗವನ್ನೂ ಬಿಡದೆ ಸಿಕ್ಕಾಕ್ಕೊಂಡಿದ್ರೆ ಡ್ರೈವರನ್ನೂ ಚಿಪ್ಪನ್ನೂ ರೀಸೆಟ್ ಮಾಡಿ ಲಾಗಲ್ಲಿ ಡ್ರೈವರ್ ಹೆಸರು ಬರೆಯುತ್ತೆ. ಚಿಪ್ಪು ಯಾಕೆ ಸಿಕ್ಕಾಕ್ಕೊಳ್ತು ಅನ್ನೋದು ಬೇರೆ ಪ್ರಶ್ನೆ, ಬಿಸಿ ಇರಬಹುದು, ಚಿಪ್ಪನ್ನ ಮಾಮೂಲಿಗಿಂತ ಜೋರಾಗಿ ಓಡಿಸೋ ಓವರ್‌ಕ್ಲಾಕ್ ಇರಬಹುದು, ರ್‍ಯಾಮ್ ಇರಬಹುದು, ಕರೆಂಟ್ ಸಾಲದೇ ಇರಬಹುದು, ನಿಜವಾಗ್ಲೂ ಡ್ರೈವರೇ ಇರಬಹುದು. ಕಾಗದ ತಂದ ಪೋಸ್ಟ್‌ಮ್ಯಾನಿಗೆ ಮೂರು ದಿನ ಬೈದಿದ್ದೆ ನಾನು.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡ್ದೆ. ಅದೇ ಡ್ರೈವರ್, ಅದೇ ಗೇಮ್, ಫ್ರೇಮ್ ರೇಟ್ ಮಾತ್ರ ಸೆಕೆಂಡಿಗೆ 60 ಚಿತ್ರಕ್ಕೆ ಕಟ್ಟಿಹಾಕ್ದೆ, ಅಂದ್ರೆ ಕಾರ್ಡಿಗೆ ಕೆಲಸ ಕಮ್ಮಿ, ಕರೆಂಟೂ ಕಮ್ಮಿ. ಎರಡು ಗಂಟೆ ಆಡಿದ್ರೂ ಏನೂ ಆಗ್ಲಿಲ್ಲ. ಮಿತಿ ತೆಗೆದ ಕೂಡಲೇ ಮತ್ತೆ ಕಪ್ಪು. ಟೆಂಪರೇಚರ್ ನೋಡಿದ್ರೆ ಎಪ್ಪತ್ತು ಡಿಗ್ರಿ ಆಸುಪಾಸು, ಹೆದರೋ ಅಂಥದ್ದೇನಿಲ್ಲ. ರಿಲಯಬಿಲಿಟಿ ಹಿಸ್ಟರಿ ತೆಗೆದೆ, ಅದರಲ್ಲಿ ದಿನದಿನದ ಲೆಕ್ಕ ಇರುತ್ತಲ್ಲ, ಮೊದಲ ಕ್ರ್ಯಾಶ್ ಆದ ಶನಿವಾರಕ್ಕೆ ಮುಂಚಿನ ದಿನಗಳಲ್ಲಿ ಯಾವ ಡ್ರೈವರೂ ಬದಲಾಗಿರ್ಲಿಲ್ಲ. ಆ ಶನಿವಾರ ನಾನೇನು ಮಾಡಿದ್ದೆ ಅಂತ ಯೋಚಿಸ್ದೆ. ಕ್ಯಾಬಿನೆಟ್ ಧೂಳು ಹೊಡ್ದಿದ್ದೆ!

ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಪಕ್ಕದ ಗ್ಲಾಸ್ ಬಿಚ್ಚಿದೆ. ನನ್ನ ಕಾರ್ಡಿಗೆ ಕರೆಂಟ್ ಕೊಡೋಕೆ 8 ಪಿನ್ನಿನ ಎರಡು ಕನೆಕ್ಟರ್ ಬೇಕು, ಮದರ್‌ಬೋರ್ಡಿನ ಸ್ಲಾಟಿಂದ ಕಾರ್ಡಿಗೆ ಸಿಗೋದು ಹೆಚ್ಚಂದ್ರೆ 75 ವ್ಯಾಟ್, ಒಂದೊಂದು 8 ಪಿನ್ನಿಗೆ 150 ವ್ಯಾಟ್ ಲೆಕ್ಕ. ಮುಂಚೆ ಪವರ್ ಸಪ್ಲೈಯಿಂದ ಎರಡು ಬೇರೆ ಬೇರೆ ಕೇಬಲ್ ಬರ್ತಿತ್ತು, ಧೂಳು ಹೊಡೆದ ದಿನ ವೈರ್ ನೀಟಾಗಿ ಕಾಣ್ಲಿ ಅಂತ ಒಂದನ್ನ ತೆಗೆದು ಎರಡು ತಲೆ ಇರೋ ಒಂದೇ ಕೇಬಲ್ಲಲ್ಲಿ ಎರಡನ್ನೂ ಚುಚ್ಚಿದ್ದೆ, ಅಂದ್ರೆ ಎರಡರ ಭಾರವೂ ಒಂದೇ ಕೇಬಲ್ ಮೇಲೆ, ಅದರಲ್ಲೂ ಒಂದು ತಲೆ ಪೂರ್ತಿ ಕೂತೇ ಇರ್ಲಿಲ್ಲ, ಲಾಕ್ ಮೇಲೇ ನಿಂತಿತ್ತು. ಎರಡರಲ್ಲಿ ಯಾವುದು ಕಾರಣ ಅಂತ ಬಿಡಿಸಿ ನೋಡೋ ತಾಳ್ಮೆ ಉಳಿದಿರ್ಲಿಲ್ಲ. ಎರಡು ಕೇಬಲ್ ಹಾಕಿ ಟಕ್ ಅನ್ನೋವರೆಗೂ ಒತ್ತಿದೆ.

ಮೂರು ವಾರ ಆಯ್ತು, 4101 ಒಂದೂ ಬಂದಿಲ್ಲ. ಎರಡನೇ ಕೇಬಲ್ ಗ್ಲಾಸಿನ ಹಿಂದೆ ಅಡ್ಡಾದಿಡ್ಡಿ ನೇತಾಡ್ತಾ ಇದೆ, ನೋಡೋಕೆ ಚೆನ್ನಾಗಿಲ್ಲ, ಇರ್ಲಿ, ಅದನ್ನ ಮುಟ್ಟಲ್ಲ.