ಎರಡನೇ ಪಾನಾ

ಹೊಸ ನಲ್ಲಿ ಕೂರಿಸುವುದನ್ನು ಯಾರಿಗಾದರೂ ಬೇಗ ಕಲಿಸಬಹುದು. ಅಡುಗೆಮನೆಯ ಹಳೆಯ ನಲ್ಲಿ ಬಿಚ್ಚುವಾಗಲೇ ಕೊಳಾಯಿ ಕೆಲಸದವನ ಯೋಗ್ಯತೆ ಗೊತ್ತಾಗುವುದು. ಕೆಲಸ ಕಲಿಯಲು ನನ್ನ ಜೊತೆ ಬರುವ ಹುಡುಗರು ನಟ್ಟಿಗೆ ಪಾನಾ ಹಾಕಿದ ಕೂಡಲೇ, ಇನ್ನೊಂದು ಪಾನಾ ಎಲ್ಲಿ ಎಂದು ಕೇಳುತ್ತೇನೆ.

ನಟ್ಟಿಗೆ ಹಾಕಿದ ಬಲ ನಟ್ಟಿನಲ್ಲೇ ನಿಲ್ಲುವುದಿಲ್ಲ. ಸಿಂಕ್ ಕೆಳಗೆ ನೀರು ನಿಲ್ಲಿಸಲು ಇರುವ ಆಂಗಲ್ ವಾಲ್ವ್‌ನಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್ ಬಿಚ್ಚುವಾಗ ವಾಲ್ವ್ ಅನ್ನು ಎರಡನೇ ಪಾನಾದಿಂದ ಅಲುಗದಂತೆ ಹಿಡಿಯದಿದ್ದರೆ ಅದೂ ಜೊತೆಗೇ ತಿರುಗುತ್ತದೆ, ಅದರ ಹಿಂದಿನ ಕೊಳವೆಯನ್ನೂ ತಿರುಚುತ್ತದೆ. ಹಳೆಯ ಕಬ್ಬಿಣದ ಕೊಳವೆಯಾದರೆ ಭಯ ಹೆಚ್ಚು. ಕಬ್ಬಿಣಕ್ಕೆ ಹಿತ್ತಾಳೆ ಸೇರಿದ ಕಡೆ ತೇವವಿದ್ದರೆ ಸವೆಯುವುದು ಕಬ್ಬಿಣವೇ. ಹೊರಗೆ ಗಟ್ಟಿಯಾಗಿ ಕಂಡರೂ ಥ್ರೆಡ್ ಇರುವಲ್ಲಿ ತೆಳುವಾಗಿರುತ್ತದೆ. ಅದು ಗೋಡೆಯೊಳಗೆ ಮುರಿದರೆ ನಲ್ಲಿಯ ಕೆಲಸ ಹೋಗಿ ಗೋಡೆ ಒಡೆಯುವ ಕೆಲಸವಾಗುತ್ತದೆ.

ಗೋಡೆಗೇ ತಿರುಗಿಸಿ ಕೂರಿಸಿದ ನಲ್ಲಿಯಲ್ಲಿ ಹಿಂದೆ ಹಿಡಿಯಲು ಜಾಗವೇ ಇರುವುದಿಲ್ಲ. ಅಲ್ಲಿ ಒಂದೇ ಸಮನೆ ಎಳೆಯುವುದಕ್ಕಿಂತ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಹೀಗೆ ಹಿಂದೆ ಮುಂದೆ ಆಡಿಸಿದರೆ ಹಳೆಯ ಪಟ್ಟು ಬಿಡುತ್ತದೆ.

ಪಾನಾ ಕೈಗೆತ್ತಿಕೊಳ್ಳುವ ಮೊದಲು ವಾಲ್ವ್ ಮುಚ್ಚಿ ನಲ್ಲಿ ತೆರೆದು ನೋಡಬೇಕು. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತದೆ ಎಂದು ನಾನಂತೂ ನಂಬುವುದಿಲ್ಲ. ಹನಿ ನಿಲ್ಲದಿದ್ದರೆ ಮುಖ್ಯ ವಾಲ್ವ್ ಮುಚ್ಚುವುದೇ ಸರಿ. ಬಿಸಿನೀರಿನ ಕೊಳವೆಯನ್ನೂ ಮುಚ್ಚಬೇಕೆಂಬುದನ್ನು ಮರೆಯುವವರೇ ಹೆಚ್ಚು.

ಸಿಂಕ್ ಮೇಲೆ ಕೂರಿಸಿದ ನಲ್ಲಿಯ ನಟ್ಟು ಕೆಳಗೆ, ಬೋಗುಣಿಯ ಹಿಂದಿನ ಸಂದಿಯಲ್ಲಿ ಇರುತ್ತದೆ. ಸಾಮಾನ್ಯ ಪಾನಾ ಅಲ್ಲಿ ತಿರುಗುವುದಿಲ್ಲ. ಉದ್ದ ಹಿಡಿಯ, ಮೇಲ್ತುದಿಯಲ್ಲಿ ಕೊಕ್ಕೆಯಿರುವ ಬೇಸಿನ್ ರೆಂಚ್ ಬೇಕು. ಕೆಳಗೆ ಮಲಗಿ ಮೇಲೆ ನೋಡುವಾಗ ನಟ್ಟು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸಡಿಲವಾಗುತ್ತದೆ. ಮೇಲಿನಿಂದ ಬಗ್ಗಿ ಕೈ ಹಾಕಿದವನಿಗೆ ಅದೇ ಬಲಕ್ಕೆ. ಎಷ್ಟೋ ನಟ್ಟುಗಳು ಹೀಗೆ ದಿಕ್ಕು ತಪ್ಪಿಯೇ ಇನ್ನಷ್ಟು ಬಿಗಿಯಾಗಿರುತ್ತವೆ. ಕಣ್ಣಿಗೆ ಕನ್ನಡಕವೂ ಇರಲಿ, ಉದುರುವ ತುಕ್ಕೆಲ್ಲ ಮುಖದ ಮೇಲೇ ಬೀಳುತ್ತದೆ.

ಬಿಡದೆ ಕಚ್ಚಿಕೊಂಡ ನಟ್ಟಿನ ಮೇಲೆ ಬಿಳಿ ಗಡ್ಡೆ ಕಟ್ಟಿದ್ದರೆ ಅದು ಗಡಸು ನೀರಿನ ಸುಣ್ಣ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟರೆ ಕರಗುತ್ತದೆ. ತುಕ್ಕಾದರೆ, ಸಂದಿಗೆ ಇಳಿಯುವ ತೆಳು ಎಣ್ಣೆ. ಎರಡಕ್ಕೂ ಸಮಯ ಬೇಕು. ಮನೆಯವರು ಪಕ್ಕದಲ್ಲಿ ನಿಂತು ‘ಇನ್ನೂ ಆಗಲಿಲ್ಲವೇ’ ಎನ್ನುತ್ತಿರುವಾಗ ಎಣ್ಣೆ ಬಿಟ್ಟು ಸುಮ್ಮನೆ ಕೂರುವುದು ಈ ವೃತ್ತಿಯಲ್ಲೇ ಕಷ್ಟದ ಕೆಲಸ. ಆ ಹೊತ್ತಿನಲ್ಲಿ ಬಿಸಿನೀರು ಯಾವ ಕಡೆ, ತಣ್ಣೀರು ಯಾವ ಕಡೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತೇನೆ, ಸಿಂಕ್ ತೂತಿಗೆ ಬಟ್ಟೆ ತುರುಕುತ್ತೇನೆ.

ಅಷ್ಟಾದರೂ ಬಾರದ ನಟ್ಟನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಕೊಯ್ದು, ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ಬಿರಿಸಿಬಿಡುತ್ತೇನೆ. ಹೇಗಿದ್ದರೂ ಎಸೆಯುವ ನಲ್ಲಿ. ಅದರ ಮೇಲೆ ಕನಿಕರ ಬೇಡ.

ಹೊಸದನ್ನು ಜೋಡಿಸುವ ಮೊದಲು ಕೊಳವೆಯ ಬಾಯಿಗೆ ಬಕೆಟ್ ಹಿಡಿದು ಸ್ವಲ್ಪ ನೀರು ಹರಿಯಬಿಡಬೇಕು. ಬಿಚ್ಚುವಾಗ ಒಳಗೆ ಉದುರಿದ ತುಕ್ಕು ಹೊಸ ನಲ್ಲಿಯ ಜಾಲರಿಗೆ ಸಿಕ್ಕಿಕೊಂಡರೆ ನೀರು ಸಣ್ಣಗೆ ಬರುತ್ತದೆ, ಮನೆಯವರು ನಲ್ಲಿಯೇ ಕೆಟ್ಟದ್ದು ಎನ್ನುತ್ತಾರೆ.