ಬಸುರಿ ಭೂಮಿಗೆ ಅಜ್ಜಿ ಬಡಿಸಿದ ಊಟ

ಈ ವರ್ಷ ಭೂಮಿ ಹುಣ್ಣಿಮೆಯ ಎಡೆ ಹೊರುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವವರು ಯಾರು ಎಂದು ಬಾಯಿಬಿಟ್ಟು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ನವರಾತ್ರಿಯ ನಡುವೆ ಒಂದು ಮಧ್ಯಾಹ್ನ ಅಮ್ಮ ಅಟ್ಟದಿಂದ ಬುಟ್ಟಿ ಇಳಿಸಿ, ಧೂಳು ಕೊಡವಿ, ಸಗಣಿ ಸಾರಿಸಿ ಬಿಸಿಲಿಗಿಟ್ಟಳು. ಅದರ ಮೇಲೆ ಕೆಮ್ಮಣ್ಣು ಬಳಿದಳು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದಳು. ಪುಂಡಿ ನಾರಿನ ಕುಂಚವನ್ನು ಕೈಗೆತ್ತಿಕೊಂಡ ಮೇಲೆ ಮಾತ್ರ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಮೂಲೆಯಲ್ಲಿ ಅಜ್ಜಿಯ ಮಣೆ ಖಾಲಿ ಇತ್ತು.

ಸಾಗರ ಸೀಮೆಯ ಬೇಸಾಯಗಾರ ಸಮುದಾಯವಾದ ದೀವರ ಮನೆಗಳಲ್ಲಿ ಆಶ್ವಯುಜ ಮಾಸದ ಈ ಹುಣ್ಣಿಮೆಗೆ ಇರುವಷ್ಟು ಸಂಭ್ರಮ ದೀಪಾವಳಿಗೂ ಇಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ. ಭತ್ತ ಆಗ ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ಬಸುರಿ. ಬಸುರಿಯ ಬಯಕೆ ತೀರಿಸದೆ ಕಳಿಸಬಾರದು. ಹಬ್ಬದ ತಿರುಳು ಇಷ್ಟೇ. ಇದಕ್ಕೆ ಗುಡಿಯಿಲ್ಲ, ಗೋಪುರವಿಲ್ಲ, ಗದ್ದೆಯ ಅಂಚೇ ಗರ್ಭಗುಡಿ. ಅಜ್ಜಿ ತೀರ್ಥಯಾತ್ರೆ ಎಂದು ಹೊರಟದ್ದನ್ನು ನಾನು ಕಂಡಿಲ್ಲ. ಕರೆದರೆ, 'ಕೊಟ್ಟಿಗೆ ಯಾರು ನೋಡುತ್ತಾರೆ' ಎನ್ನುತ್ತಿದ್ದಳು. ಇದನ್ನು ನೆಪವೆಂದು ನಾವು ನಗುತ್ತಿದ್ದೆವು. ಅದು ನೆಪವಲ್ಲ, ಅವಳ ದೇವರಿಗೆ ದಿನಕ್ಕೆರಡು ಬಾರಿ ಹುಲ್ಲು ಹಾಕಬೇಕಿತ್ತು.

ಅಜ್ಜಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ. ಅವಳ ಪಂಚಾಂಗವೇ ಬೇರೆ. ಜೋಗದಲ್ಲಿ ಕರೆಂಟು ಹುಟ್ಟಿದ ವರ್ಷ ಅವಳ ಮದುವೆ, ಅಂದರೆ 1948. ಕಾಗೋಡಿನಲ್ಲಿ ಗೇಣಿ ರೈತರು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಅನ್ಯಾಯಕ್ಕೆ ಎದ್ದು ನಿಂತ 1951ರಲ್ಲಿ ಮೊದಲ ಮಗು ಕಂಕುಳಲ್ಲಿ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಬಂದ 1964ರ ಹೊತ್ತಿಗೆ ಐದು ಮಕ್ಕಳು, ಮುಳುಗಿದ ಮನೆ, ಹೊಸ ಊರು. ಹೊರಡುವ ದಿನ ಉಳಿದವರು ಪಾತ್ರೆ, ಪೆಟ್ಟಿಗೆ ಹೊತ್ತರೆ ಇವಳು ಮಗುವಿನ ಜೊತೆಗೆ ಭೂಮಣ್ಣಿ ಬುಟ್ಟಿಯನ್ನು ಎತ್ತಿಕೊಂಡಳಂತೆ. ಪೂಜಿಸಲು ಒಂದು ಗುಂಟೆ ಗದ್ದೆಯೂ ಇಲ್ಲದಾಗ ಬುಟ್ಟಿ ಏತಕ್ಕೆ ಎಂದು ಅಜ್ಜ ರೇಗಿದ್ದರಂತೆ. ನಮ್ಮೂರಿನವರ ಗದ್ದೆ ಮುಳುಗಿ ಹುಟ್ಟಿದ ಕರೆಂಟು ನಮ್ಮ ಅಡುಗೆಮನೆಗೆ ಬರಲು ಎಷ್ಟು ವರ್ಷ ಹಿಡಿಯಿತು ಎಂಬುದು ಬೇರೆಯದೇ ಕಥೆ. ಅದನ್ನು ಅಜ್ಜಿ ಸಿಟ್ಟಿನಿಂದ ಹೇಳುತ್ತಿರಲಿಲ್ಲ. ನನಗೆ ಮಾತ್ರ ಇಂದಿಗೂ ಸಿಟ್ಟು ಬರುತ್ತದೆ.

ಈಗ ಲೆಕ್ಕ ಹಾಕಿದರೆ ಹೊಳೆಯುವುದು ಒಂದು ಸಂಗತಿ. 1974ರ ಭೂಸುಧಾರಣೆಯ ಮೇಲೆ ಗದ್ದೆ ನಮ್ಮ ಹೆಸರಿಗೆ ಬಂತು. ಅದಕ್ಕೂ ಮೊದಲು ಇಪ್ಪತ್ತೈದಕ್ಕೂ ಹೆಚ್ಚು ಹುಣ್ಣಿಮೆಗಳಲ್ಲಿ ಅಜ್ಜಿ ರಾತ್ರಿಯಿಡೀ ಬೇಯಿಸಿ ಬಡಿಸಿದ್ದು ತನ್ನದಲ್ಲದ ಭೂಮಿಗೆ. ಬೆಳೆದದ್ದರಲ್ಲಿ ದೊಡ್ಡ ಪಾಲು ಒಡೆಯರ ಕಣಜಕ್ಕೆ ಹೋಗುತ್ತದೆಂದು ಗೊತ್ತಿದ್ದೂ, ಕಡುಬಿನ ಹಿಟ್ಟಿನಲ್ಲಿ ಒಂದು ಹಿಡಿ ಕಡಿಮೆ ಮಾಡಲಿಲ್ಲ. ಒಮ್ಮೆ ಕೇಳಿದ್ದೆ, 'ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಪೂಜೆ ಮಾಡುತ್ತಿದ್ದಿರಾ ಅಜ್ಜಿ?' ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. 'ಬಸುರಿಯ ಹತ್ತಿರ ಯಾರ ಮನೆಯವಳು ಎಂದು ಕೇಳಿ ಬಡಿಸುತ್ತಾರೇನೇ ಹುಡುಗಿ?'

ಅವಳದು ಆರು ಹೆರಿಗೆ. ಅವಳ ಬಯಕೆಯನ್ನು ಯಾರಾದರೂ ಕೇಳಿದ್ದರೇ? ಚಿಕ್ಕಮ್ಮ ಹೇಳುವ ಪ್ರಕಾರ ಇಲ್ಲ. ನಾಟಿಯ ಗದ್ದೆಯಿಂದ ಬಂದು ಹೆತ್ತವಳು, ಕೊಯ್ಲಿಗೆ ಮತ್ತೆ ಗದ್ದೆಗೆ ಇಳಿದವಳು. ಭೂಮಿಗೆ ಬಡಿಸುವಾಗ ಅವಳ ಮುಖದ ಮೇಲೆ ಕಾಣುತ್ತಿದ್ದ ಆ ಗಾಂಭೀರ್ಯ ಭಕ್ತಿಯೋ, ಒಬ್ಬ ಬಸುರಿಯ ಕಷ್ಟ ಮತ್ತೊಬ್ಬಳಿಗೆ ಅರ್ಥವಾದದ್ದೋ, ನಾನು ಬಿಡಿಸಿ ನೋಡಲು ಹೋಗುವುದಿಲ್ಲ.

ಹಬ್ಬದ ಹಿಂದಿನ ರಾತ್ರಿ ನಮ್ಮಲ್ಲಿ ನಿದ್ದೆಯಿಲ್ಲ. ಬೇಲಿ, ಬ್ಯಾಣ, ಕಾಡಂಚು ಸುತ್ತಿ ತಂದ ಹತ್ತಾರು ಬಗೆಯ ಸೊಪ್ಪು ಕುಡಿಗಳನ್ನು ಬೇಯಿಸಿ ಹಚ್ಚಂಬಲಿ ಮಾಡಬೇಕು. ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಪಲ್ಯಗಳು. ಮಧ್ಯೆ ಒಂದು ಚಿಟಿಕೆಯನ್ನೂ ಬಾಯಿಗಿಟ್ಟು ನೋಡುವಂತಿಲ್ಲ, ಮೊದಲ ತುತ್ತು ಭೂಮಿತಾಯಿಯದು. ಉಪ್ಪು ಸರಿಯಿದೆಯೇ ಎಂದು ಅಜ್ಜಿ ಆವಿಯ ವಾಸನೆಯಿಂದಲೇ ಹೇಳುತ್ತಿದ್ದಳು. ಈ ವರ್ಷ ಅಮ್ಮ ಹಾಗೆಯೇ ಪಾತ್ರೆಯ ಮೇಲೆ ಬಾಗಿ ಮೂಸಿದಳು, ಏನೂ ಹೊಳೆಯದೆ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ಬಂತು, ಆಮೇಲೆ ನಗು ಉಳಿಯಲಿಲ್ಲ.

ನಸುಕಿನಲ್ಲಿ ಚಿಕ್ಕಪ್ಪ ಬುಟ್ಟಿ ಹೊತ್ತು ಮುಂದೆ ನಡೆದರು. ಹಚ್ಚಂಬಲಿಯನ್ನು ಗದ್ದೆಗೆ ಬೀರುತ್ತಾ, ತಾಯಿ ಬಂದು ಉಂಡು ಹೋಗಲಿ ಎಂದು ಕೂಗಿದರು. ಆಚೆ ದಿಬ್ಬದ ಗದ್ದೆಗಳಿಂದಲೂ ಅದೇ ಕೂಗು ಮಂಜಿನೊಳಗೆ ತೇಲಿ ಬಂತು. ತುಂಬಿದ ಭತ್ತದ ಬುಡವೊಂದಕ್ಕೆ ಅಮ್ಮ ಅಜ್ಜಿಯ ಗುಂಡಿನ ಸರ ತೊಡಿಸಿದಳು. ಕಾಗೆಗೊಂದು ಎಡೆ, ಇಲಿಗೊಂದು ಎಡೆ. ಬೆಳೆ ತಿನ್ನುವ ಇಲಿಗೂ ಎಡೆ ಯಾಕೆ ಎಂದು ಸಣ್ಣವಳಿದ್ದಾಗ ನಾನು ಜಗಳ ತೆಗೆದದ್ದುಂಟು. 'ಅದಕ್ಕೂ ಮರಿಗಳಿವೆ' ಎಂದು ಅಜ್ಜಿ ಇನ್ನೊಂದು ಕಡುಬು ಸೇರಿಸಿದ್ದಳು.

ಕೊನೆಗೆ ಒಂದು ಕಡುಬನ್ನು ಮಣ್ಣಿನಲ್ಲಿ ಹೂಳಬೇಕು. ಅದನ್ನು ತೆಗೆಯುವುದು ಕೊಯ್ಲಿನ ಹೊತ್ತಿಗೆ. ಹೋದ ವರ್ಷದ್ದನ್ನು ಹೂತವಳು ಅಜ್ಜಿಯೇ, ತೊಂಬತ್ತು ದಾಟಿದ ಮೊಣಕಾಲನ್ನು ಹೇಗೋ ಮಡಿಸಿ, ನನ್ನ ಭುಜ ಹಿಡಿದು ಕುಳಿತು. ಕೊಯ್ಲಿಗೆ ಅವಳು ಉಳಿಯಲಿಲ್ಲ. ಅವಳಿಲ್ಲದ ಆ ಡಿಸೆಂಬರಿನಲ್ಲಿ ನಾವು ಜಾಗ ಗುರುತಿಸಲಾಗದೆ ಅಂಚಿನ ಉದ್ದಕ್ಕೂ ಕೆದಕಿದೆವು. ಸಿಕ್ಕಿದ್ದು ಕೊಳೆತ ಎಲೆಯ ಒಂದು ಚೂರು.

'ಇಲಿ ತಿಂದಿದೆ' ಎಂದರು ಚಿಕ್ಕಪ್ಪ.

ಅಮ್ಮ ಆ ಚೂರನ್ನು ಸೆರಗಿಗೆ ಕಟ್ಟಿಕೊಂಡು ಕುಡುಗೋಲು ಎತ್ತಿಕೊಂಡಳು. ಕೊಯ್ಯಲು ಇನ್ನೂ ಅರ್ಧ ಗದ್ದೆ ಬಾಕಿ ಇತ್ತು.